ಮತ ಕೇಳದ ನ್ಯಾಯಾಧೀಶರು

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಬೇಕಾದ ಮತಪೆಟ್ಟಿಗೆಗಳಲ್ಲಿ ದೊಡ್ಡ ಪಾಲು ತಯಾರಾದದ್ದು ಮುಂಬಯಿಯ ವಿಕ್ರೋಳಿಯಲ್ಲಿ, 1951ರಲ್ಲಿ. ಆಗಿನ ಪದ್ಧತಿಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆ. ಹಾಗಾಗಿ ಪೆಟ್ಟಿಗೆಗಳು ಲಕ್ಷಗಟ್ಟಲೆ ಬೇಕಾಗಿದ್ದವು. ಗೋದ್ರೆಜ್ ಕಾರ್ಖಾನೆ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಮಾಡಿಕೊಟ್ಟಿತು. ಒಂದರ ಬೆಲೆ 5 ರೂಪಾಯಿ. ಅಂದಿನಿಂದ ನಾವು ಮತ ಹಾಕುತ್ತಲೇ ಬಂದಿದ್ದೇವೆ: ಸಂಸದರಿಗೆ, ಶಾಸಕರಿಗೆ, ನಗರಸೇವಕರಿಗೆ. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯನ್ನೂ ಕನ್ನಡ ಸಂಘದ ಅಧ್ಯಕ್ಷರನ್ನೂ ಆರಿಸುತ್ತೇವೆ. ಹಾಲಿ ಅಧ್ಯಕ್ಷರು ಇನ್ನೊಂದು ಅವಧಿಗೆ ನಿಲ್ಲುವುದು ಸರಿಯೇ ತಪ್ಪೇ ಎಂದು ವಾರ್ಷಿಕ ಸಭೆಯಲ್ಲಿ ಗಂಟೆಗಟ್ಟಲೆ ವಾದಿಸುತ್ತೇವೆ.

ಅದೇ ವಿಕ್ರೋಳಿಯಲ್ಲಿ ಒಂದು ಮ್ಯಾಜಿಸ್ಟ್ರೇಟ್ ಕೋರ್ಟೂ ಇದೆ. ಅಲ್ಲಿ ಕೂರುವವರು ಒಬ್ಬ ಮನುಷ್ಯನಿಗೆ ಜಾಮೀನು ಕೊಡಬಹುದು, ನಿರಾಕರಿಸಬಹುದು, ಮೂರು ವರ್ಷದವರೆಗೆ ಜೈಲಿಗೂ ಕಳಿಸಬಹುದು. ನಗರಸೇವಕರ ಕೈಯಲ್ಲಿ ಇಷ್ಟು ನೇರವಾದ ಅಧಿಕಾರವಿಲ್ಲ. ಹೀಗಿದ್ದೂ ಆ ಕೋರ್ಟಿನ ಗೋಡೆಯ ಮೇಲೆ 'ನಿಮ್ಮ ಹಾಲಿ ಮ್ಯಾಜಿಸ್ಟ್ರೇಟ್ ಸಾಹೇಬರನ್ನು ಇನ್ನೊಮ್ಮೆ ಗೆಲ್ಲಿಸಿ' ಎಂಬ ಪೋಸ್ಟರ್ ಕಂಡರೆ ನೀವು ಯಾರೋ ತಮಾಷೆಗೆ ಅಂಟಿಸಿದ್ದಾರೆ ಅಂದುಕೊಳ್ಳುತ್ತೀರಿ.

ಇಂಥ ಪೋಸ್ಟರ್ ತಮಾಷೆಯಾಗದ ಊರುಗಳೂ ಜಗತ್ತಿನಲ್ಲಿವೆ. ಅಲ್ಲಿ ಹಾಲಿ ಜಡ್ಜು ಜನರ ಮುಂದೆ ಬಂದು, ನನ್ನ ಅರ್ಹತೆ ಇದು, ಮತ್ತೆ ಈ ಕುರ್ಚಿ ಬೇಕೆನ್ನುವುದಕ್ಕೆ ಕಾರಣ ಇದು ಎಂದು ಹೇಳಬೇಕು. ನಾವು ಆ ದಾರಿ ಹಿಡಿಯಲಿಲ್ಲ. ಆದರೆ 'ಇನ್ನೊಂದು ಅವಧಿ' ಎಂಬ ಪ್ರಶ್ನೆ ನಮ್ಮ ಕೋರ್ಟುಗಳಿಂದ ಮಾಯವಾಯಿತೇ? ಅದನ್ನು ಯಾರು ಕೇಳುತ್ತಾರೆ, ಯಾರ ಬಳಿ ಕೇಳುತ್ತಾರೆ ಎಂಬುದರ ಚರಿತ್ರೆ ಈ ಬರಹದ ವಿಷಯ.

ಕಾಸರಗೋಡಿನಿಂದ ಟೆಕ್ಸಾಸ್‌ಗೆ

ಮತ ಕೇಳುವ ಜಡ್ಜು ಹೇಗಿರುತ್ತಾರೆ ಎಂದು ನೋಡಲು ನಮಗೆ ಹತ್ತಿರದ ಒಬ್ಬರೇ ಸಿಗುತ್ತಾರೆ. ಸುರೇಂದ್ರನ್ ಕೆ. ಪಟ್ಟೇಲ್ ಕಾಸರಗೋಡು ಜಿಲ್ಲೆಯ ಬಳಾಲ್‌ನವರು. ಹತ್ತನೇ ತರಗತಿಯಾದ ಮೇಲೆ ಓದು ನಿಲ್ಲಿಸಿ ಬೀಡಿ ಕಟ್ಟಿದವರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳು ಕರಾವಳಿಯುದ್ದಕ್ಕೂ ಇವೆ, ಆ ದುಡಿಮೆ ಎಂಥದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಪಟ್ಟೇಲ್ ಮತ್ತೆ ಓದಿಗೆ ಮರಳಿದರು, ಕೋಳಿಕ್ಕೋಡಿನಲ್ಲಿ ಕಾನೂನು ಕಲಿತರು, ಹೊಸದುರ್ಗದಲ್ಲಿ ವಕೀಲಿ ಮಾಡಿದರು. ನರ್ಸ್ ಆಗಿದ್ದ ಹೆಂಡತಿಯ ಕೆಲಸದ ನಿಮಿತ್ತ 2007ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ವಕೀಲಿ ಪರೀಕ್ಷೆ ಪಾಸು ಮಾಡಿ, ಹ್ಯೂಸ್ಟನ್‌ನಲ್ಲಿ ಇನ್ನೊಂದು ಕಾನೂನು ಪದವಿ ಪಡೆದು, 2017ರಲ್ಲಿ ಅಲ್ಲಿನ ಪೌರರಾದರು. 2022ರಲ್ಲಿ ಫೋರ್ಟ್ ಬೆಂಡ್ ಕೌಂಟಿಯ 240ನೇ ಜಿಲ್ಲಾ ನ್ಯಾಯಾಲಯದ ಚುನಾವಣೆಗೆ ನಿಂತರು. ಮೊದಲು ತಮ್ಮದೇ ಪಕ್ಷದೊಳಗಿನ ಚುನಾವಣೆಯಲ್ಲಿ ಹಾಲಿ ನ್ಯಾಯಾಧೀಶರನ್ನು ಸೋಲಿಸಿದರು, ಆಮೇಲೆ ನವೆಂಬರಿನಲ್ಲಿ ಎದುರು ಪಕ್ಷದವರನ್ನು. ತಮ್ಮ ಇಂಗ್ಲಿಷ್ ಉಚ್ಚಾರಣೆಯನ್ನು ಹಿಡಿದು ಎದುರಾಳಿಗಳು ಪ್ರಚಾರ ಮಾಡಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ.

ಈ ಕತೆ ಓದಿದಾಗ ಸಂತೋಷವಾಗುತ್ತದೆ. ಬೀಡಿ ಕಟ್ಟಿದ ಹುಡುಗ ಜಡ್ಜ್ ಆಗಲು ಜನರ ಮತ ದಾರಿ ಮಾಡಿಕೊಟ್ಟಿತು. ಇನ್ನೊಂದು ಬದಿಯಿಂದ ನೋಡಿದರೆ, ಒಬ್ಬ ಹಾಲಿ ನ್ಯಾಯಾಧೀಶರು ತಮ್ಮ ಪಕ್ಷದ ಮತದಾರರ ಮುಂದೆ ಸೋತು ಮನೆಗೆ ಹೋದರು. ಪಟ್ಟೇಲರ ಅವಧಿಯೂ ನಾಲ್ಕು ವರ್ಷದ್ದೇ. ಅದು ಮುಗಿದಾಗ ಅವರೂ ಅದೇ ಬಾಗಿಲ ಮುಂದೆ ನಿಲ್ಲಬೇಕು.

ಅಮೆರಿಕದವರು ಈ ಪದ್ಧತಿಯನ್ನು ಹುಚ್ಚಿಗೆ ಮಾಡಿಕೊಂಡದ್ದಲ್ಲ. ಎಲ್ಲ ನ್ಯಾಯಾಧೀಶರನ್ನೂ ಚುನಾವಣೆಯಿಂದಲೇ ಆರಿಸುತ್ತೇವೆ ಎಂದು ಮೊದಲು ಹೊರಟದ್ದು ಮಿಸಿಸಿಪ್ಪಿ ರಾಜ್ಯ, 1832ರಲ್ಲಿ. 1846ರಲ್ಲಿ ನ್ಯೂಯಾರ್ಕ್ ಸೇರಿಕೊಂಡಿತು, ಹಿಂದೆಯೇ ಹಲವು ರಾಜ್ಯಗಳು ಬಂದವು. ಅದಕ್ಕೂ ಮೊದಲು ಗವರ್ನರುಗಳೂ ಶಾಸನಸಭೆಗಳೂ ತಮ್ಮ ಆಪ್ತರನ್ನು ಜಡ್ಜುಗಳನ್ನಾಗಿ ಮಾಡುತ್ತಿದ್ದವು. ಆ ಋಣದಿಂದ ನ್ಯಾಯಾಧೀಶರನ್ನು ಬಿಡಿಸಲು ಜನರ ಬಳಿಗೆ ಹೋಗುವುದೇ ದಾರಿ ಎಂದು ಅಂದಿನ ಸುಧಾರಕರು ನಂಬಿದ್ದರು. ನ್ಯಾಯಾಂಗದ ಸ್ವಾತಂತ್ರ್ಯಕ್ಕಾಗಿಯೇ ಚುನಾವಣೆ ತಂದರು ಎಂಬುದು ನಮಗೆ ವಿಚಿತ್ರವಾಗಿ ಕೇಳಬಹುದು.

ಹಳೆಯ ಋಣ ಹೋದ ಜಾಗಕ್ಕೆ ಹೊಸ ಋಣಗಳು ಬಂದವು. 2004ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿಯ ಮುಖ್ಯಸ್ಥರು ರಾಜ್ಯದ ಸುಪ್ರೀಂ ಕೋರ್ಟಿನ ಅಭ್ಯರ್ಥಿಯೊಬ್ಬರ ಗೆಲುವಿಗಾಗಿ 30 ಲಕ್ಷ ಡಾಲರ್ ಖರ್ಚು ಮಾಡಿದರು. ಅದೇ ಕಂಪನಿಯ ಮೇಲ್ಮನವಿ ಆ ಕೋರ್ಟಿಗೆ ಬರುವುದಿತ್ತು. ಗೆದ್ದ ಜಡ್ಜು ಆ ಮೊಕದ್ದಮೆಯಿಂದ ಹಿಂದೆ ಸರಿಯಲು ಒಪ್ಪಲಿಲ್ಲ. ಸರಿಯಲೇಬೇಕಿತ್ತು ಎಂದು 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಬೇಕಾಯಿತು, ಅದೂ ಐದಕ್ಕೆ ನಾಲ್ಕರ ಬಹುಮತದಲ್ಲಿ. ಅದೇ ವರ್ಷ ಅಯೋವಾ ರಾಜ್ಯದ ಸುಪ್ರೀಂ ಕೋರ್ಟಿನ ಏಳೂ ನ್ಯಾಯಾಧೀಶರು ಸಲಿಂಗ ವಿವಾಹವನ್ನು ಒಮ್ಮತದಿಂದ ಎತ್ತಿಹಿಡಿದರು. ಮರುವರ್ಷ ಅವರಲ್ಲಿ ಮೂವರನ್ನು ಮುಂದುವರಿಸಬೇಕೇ ಬೇಡವೇ ಎಂಬ ಮತದಾನ ಬಂತು. ಮೂವರೂ ಪ್ರಚಾರ ಮಾಡದೆ ಉಳಿದರು. ಮೂವರೂ ಸೋತರು.

ಬೊಂಬಾಯಿ ಹಿಡಿದ ದಾರಿ

ಬೊಂಬಾಯಿಗೆ ಮತದಾನ ಬಹಳ ಮೊದಲೇ ಬಂತು. 1872ರ ಕಾಯ್ದೆಯಂತೆ ನಗರಪಾಲಿಕೆಯ 64 ಸದಸ್ಯರಲ್ಲಿ 32 ಜನರನ್ನು ತೆರಿಗೆ ಕಟ್ಟುವವರೇ ಆರಿಸಬಹುದಿತ್ತು. ಆದರೆ ಕೋರ್ಟಿನ ಕುರ್ಚಿಗಳು ಸರ್ಕಾರದ ಕೈಯಲ್ಲೇ ಉಳಿದವು. ಹೈಕೋರ್ಟಿನ ಜಡ್ಜುಗಳನ್ನು ಬ್ರಿಟಿಷ್ ರಾಜಮನೆತನ ನೇಮಿಸುತ್ತಿತ್ತು.

ಹಾಗೆಂದು ಅಂದಿನ ಜಡ್ಜುಗಳು ರಾಜಕೀಯದ ಗಾಳಿ ಸೋಕದವರೇನಲ್ಲ. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ 1900ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು, 1901ರಲ್ಲಿ ಬೊಂಬಾಯಿ ಹೈಕೋರ್ಟಿನ ನ್ಯಾಯಾಧೀಶರಾದರು. ನಿವೃತ್ತಿಯ ನಂತರ ಬೊಂಬಾಯಿ ಶಾಸನಸಭೆಯ ಅಧ್ಯಕ್ಷ ಪೀಠದಲ್ಲಿ ಕೂತರು. ಸಭೆಯ ವೇದಿಕೆಯಿಂದ ಪೀಠಕ್ಕೆ, ಪೀಠದಿಂದ ಸಭೆಗೆ ಹೋಗಿಬರುವ ದಾರಿ ಆಗಲೇ ಇತ್ತು.

ಸಂವಿಧಾನ ಸಭೆಯಲ್ಲಿ 1949ರ ಮೇ 24ರಂದು ಸುಪ್ರೀಂ ಕೋರ್ಟಿನ ನೇಮಕಾತಿಯ ಚರ್ಚೆ ಬಂದಾಗ ಅಂಬೇಡ್ಕರರು ಮೂರು ದಾರಿಗಳನ್ನು ತೂಗಿದರು. ಕಾರ್ಯಾಂಗಕ್ಕೆ ಪೂರ್ತಿ ಬಿಟ್ಟರೆ ಅಪಾಯ. ಶಾಸನಸಭೆಯ ಒಪ್ಪಿಗೆ ಬೇಕೆಂದರೆ ರಾಜಕೀಯ ಒತ್ತಡ ನುಗ್ಗುತ್ತದೆ. ಮುಖ್ಯ ನ್ಯಾಯಮೂರ್ತಿಗೇ ಕೊನೆಯ ಮಾತು ಕೊಡೋಣವೆಂದರೆ ಅವರೂ ನಮ್ಮಂತೆ ಕುಂದುಕೊರತೆಗಳಿರುವ ಮನುಷ್ಯರೇ. ಆದ್ದರಿಂದ ಸಮಾಲೋಚನೆಯ ನಡುದಾರಿ. ಕೆಳಗಿನ ಕೋರ್ಟುಗಳ ಮೇಲಿನ ಹಿಡಿತ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿಗೆ ಹೋಯಿತು. ವಿಕ್ರೋಳಿಯ ಮ್ಯಾಜಿಸ್ಟ್ರೇಟರ ವರ್ಗಾವಣೆ, ಬಡ್ತಿ ಇಂದಿಗೂ ಆ ವಿಧಿಯ ಅಡಿಯಲ್ಲೇ ನಡೆಯುತ್ತವೆ.

ಚುನಾವಣೆಯ ಆಸೆ ಹಳ್ಳಿಯ ಮಟ್ಟದಲ್ಲಿ ಮಾತ್ರ ಉಳಿಯಿತು. ಪಂಚಾಯತಿಗಳ ಮೂಲಕ ಹಳ್ಳಿಯವರೇ ತಮ್ಮ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರ್ಮಾನಿಸಲಿ ಎಂಬ ಯೋಚನೆಯಿಂದ ನ್ಯಾಯ ಪಂಚಾಯತಿಗಳು ಬಂದವು. ಮಹಾರಾಷ್ಟ್ರ 1970ರ ದಶಕದಲ್ಲಿ ಅವುಗಳನ್ನು ಕೈಬಿಟ್ಟಿತು. ಕರ್ನಾಟಕದ 1983ರ ಪಂಚಾಯತ್ ಕಾಯ್ದೆಯ ಹೆಸರಿನಲ್ಲೇ 'ನ್ಯಾಯ ಪಂಚಾಯತ್' ಇತ್ತು. 1993ರ ಕಾಯ್ದೆಯ ಹೆಸರಿನಲ್ಲಿ ಆ ಪದ ಕಾಣುವುದಿಲ್ಲ. ಬಿಹಾರದಲ್ಲಿ ಮಾತ್ರ ಇಂದಿಗೂ ಗ್ರಾಮ ಕಚಹರಿ ಇದೆ. ಅದರ ಸರಪಂಚರನ್ನು ಜನರೇ ಐದು ವರ್ಷಕ್ಕೊಮ್ಮೆ ಆರಿಸುತ್ತಾರೆ. ಸಾವಿರ ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಅವರಿಗುಂಟು, ಜೈಲಿಗೆ ಕಳಿಸುವ ಅಧಿಕಾರವಿಲ್ಲ. ಯಾರನ್ನಾದರೂ ಕೂಡಿಹಾಕುವ ಅಧಿಕಾರ ಬಂದ ಕಡೆ ನಮ್ಮ ಕಾನೂನು ಚುನಾವಣೆಯನ್ನು ನಂಬಿಲ್ಲ. ಹಳ್ಳಿಯೊಳಗೆ ಜಾತಿ ಏನು ಮಾಡುತ್ತದೆಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಕಟುವಾಗಿ ಹೇಳಿದ್ದನ್ನು ನೆನೆದರೆ ಈ ಅಳುಕಿನ ಕಾರಣ ಗೊತ್ತಾಗುತ್ತದೆ.

ಮುಚ್ಚಿದ ಬಾಗಿಲ ಹಿಂದಿನ ಮತ

ಚುನಾವಣೆ ಇಲ್ಲದಿದ್ದರೂ ಅವಧಿ ಎಂಬುದು ಇದ್ದೇ ಇದೆ. ಹೈಕೋರ್ಟುಗಳಲ್ಲಿ ಕೆಲಸ ಹೆಚ್ಚಾದಾಗ 224ನೇ ವಿಧಿಯಂತೆ ಎರಡು ವರ್ಷ ಮೀರದಂತೆ ಹೆಚ್ಚುವರಿ ನ್ಯಾಯಾಧೀಶರನ್ನು ನೇಮಿಸುತ್ತಾರೆ. ಎರಡು ವರ್ಷವಾದ ಮೇಲೆ ಅವರನ್ನು ಖಾಯಂ ಮಾಡಬೇಕು, ಇಲ್ಲವೇ ಅವಧಿ ಮುಂದುವರಿಸಬೇಕು, ಇಲ್ಲವೇ ಕೈಬಿಡಬೇಕು. ಹಾಲಿ ಜಡ್ಜು ಇನ್ನೊಂದು ಅವಧಿಗೆ ಕಾಯುವ ಸನ್ನಿವೇಶ ನಮ್ಮಲ್ಲಿ ಬರುವುದು ಇಲ್ಲಿ. ವ್ಯತ್ಯಾಸವೆಂದರೆ ಇಲ್ಲಿ ಮತ ಹಾಕುವವರು ಕೆಲವೇ ಜನ, ಎಣಿಕೆ ಬಾಗಿಲು ಮುಚ್ಚಿಕೊಂಡು.

ತುರ್ತು ಪರಿಸ್ಥಿತಿಯಲ್ಲಿ ಆ ಬಾಗಿಲ ಹಿಂದೆ ಏನಾಗುತ್ತದೆಂದು ಎಲ್ಲರಿಗೂ ತಿಳಿಯಿತು. ಯು.ಆರ್. ಲಲಿತ್ ಆಗ ಬೊಂಬಾಯಿ ಹೈಕೋರ್ಟಿನ ನಾಗಪುರ ಪೀಠದಲ್ಲಿ ಹೆಚ್ಚುವರಿ ನ್ಯಾಯಾಧೀಶರು. ಬಂಧಿತ ವಿದ್ಯಾರ್ಥಿಗಳಿಗೆ ಜಾಮೀನು ಕೊಟ್ಟರು. ಅವರನ್ನು ಖಾಯಂ ಮಾಡಲಿಲ್ಲ. ಅವರು ಮತ್ತೆ ವಕೀಲಿಗೆ ಇಳಿದರು. ಅವರ ಮಗ ಯು.ಯು. ಲಲಿತ್ 2022ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು.

ಖಾಯಂ ಆಗಿದ್ದವರಿಗೆ ವರ್ಗಾವಣೆಯ ಬಿಸಿ ಮುಟ್ಟಿತು. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಮೊದಲಾದವರನ್ನು 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿಸಿದ್ದರು. ಅವರ ಅರ್ಜಿ ಕೇಳಿದ ಕರ್ನಾಟಕ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ 1976ರಲ್ಲಿ ಅಲಹಾಬಾದಿಗೆ ಹೋಗಬೇಕಾಯಿತು, ಎಂ. ಸದಾನಂದಸ್ವಾಮಿ ಗುವಾಹಟಿಗೆ. ದೇಶದಲ್ಲಿ ಒಟ್ಟು 16 ಹೈಕೋರ್ಟ್ ನ್ಯಾಯಾಧೀಶರು ಹೀಗೆ ಊರು ಬಿಟ್ಟರು. ಚಂದ್ರಶೇಖರ್ ಮುಂದೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿ ಬಂದರು.

ಸರ್ಕಾರ ಬದಲಾದರೂ ಹೆಚ್ಚುವರಿ ನ್ಯಾಯಾಧೀಶರ ತಲೆಯ ಮೇಲಿನ ಕತ್ತಿ ಹೋಗಲಿಲ್ಲ. 1981ರ ಮಾರ್ಚ್ 18ರಂದು ಕೇಂದ್ರ ಕಾನೂನು ಮಂತ್ರಿ ಪಿ. ಶಿವಶಂಕರ್ ಒಂದು ಸುತ್ತೋಲೆ ಕಳಿಸಿದರು. ಬೇರೆ ರಾಜ್ಯದಲ್ಲಿ ಖಾಯಂ ಮಾಡಿದರೆ ಒಪ್ಪುತ್ತೀರಾ ಎಂದು ಹೆಚ್ಚುವರಿ ನ್ಯಾಯಾಧೀಶರಿಂದ ಮೊದಲೇ ಒಪ್ಪಿಗೆ ಪಡೆಯುವುದು ಅದರ ಉದ್ದೇಶ. ಇದರ ವಿರುದ್ಧ ಬೊಂಬಾಯಿ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ಇಕ್ಬಾಲ್ ಛಾಗ್ಲಾ ಮತ್ತು ಅವರ ಜೊತೆಯ ವಕೀಲರು. ಬೇರೆ ಕಡೆಯ ಅರ್ಜಿಗಳೊಂದಿಗೆ ಸೇರಿ ಇದು ಎಸ್.ಪಿ. ಗುಪ್ತಾ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಮುಂದೆ ಬಂತು. ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಕಡೆಯ ಇ.ಎಸ್. ವೆಂಕಟರಾಮಯ್ಯ. 1981ರ ಡಿಸೆಂಬರ್ 30ರ ತೀರ್ಪು ನೇಮಕದಲ್ಲಿ ಸರ್ಕಾರದ ಕೈಯನ್ನೇ ಮೇಲುಮಾಡಿತು. ಅವಧಿ ಮುಗಿದ ದೆಹಲಿಯ ನ್ಯಾಯಮೂರ್ತಿ ಎಸ್.ಎನ್. ಕುಮಾರ್ ಅವರಿಗೆ ವಿಸ್ತರಣೆ ಸಿಗಲಿಲ್ಲ. ಅವರ ಮೇಲೆ ತೆರೆದ ಕೋರ್ಟಿನಲ್ಲಿ ಯಾರೂ ದೋಷಾರೋಪ ಮಾಡಿ ಸಾಬೀತುಪಡಿಸಿರಲಿಲ್ಲ. 1993ರ ಇನ್ನೊಂದು ತೀರ್ಪಿನಿಂದ ಕೊನೆಯ ಮಾತು ಸರ್ಕಾರದಿಂದ ನ್ಯಾಯಾಧೀಶರ ಕೊಲಿಜಿಯಂಗೆ ಹೋಯಿತು. ಬಾಗಿಲು ಮುಚ್ಚಿಯೇ ಇತ್ತು, ಒಳಗೆ ಕೂತವರು ಬದಲಾದರು.

ತೀರಾ ಈಚಿನ ಉದಾಹರಣೆ ನಮ್ಮ ಅನುಕಂಪವನ್ನು ಇನ್ನಷ್ಟು ಗಟ್ಟಿಯಾಗಿ ಪರೀಕ್ಷಿಸುತ್ತದೆ. 2021ರ ಜನವರಿಯಲ್ಲಿ ನಾಗಪುರ ಪೀಠದ ಹೆಚ್ಚುವರಿ ನ್ಯಾಯಮೂರ್ತಿ ಪುಷ್ಪಾ ಗನೇಡಿವಾಲಾ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮೊಕದ್ದಮೆಯೊಂದರಲ್ಲಿ, ಚರ್ಮಕ್ಕೆ ಚರ್ಮ ತಾಗದಿದ್ದರೆ ಪೋಕ್ಸೊ ಕಾಯ್ದೆಯ ಆ ಅಪರಾಧವಾಗದು ಎಂಬ ಅರ್ಥದ ತೀರ್ಪು ಕೊಟ್ಟರು. ದೇಶವೇ ಸಿಡಿದೆದ್ದಿತು. ಅವರನ್ನು ಖಾಯಂ ಮಾಡಬೇಕೆಂಬ ಶಿಫಾರಸನ್ನು ಕೊಲಿಜಿಯಂ ಹಿಂತೆಗೆದುಕೊಂಡಿತು. ಒಂದು ವರ್ಷದ ವಿಸ್ತರಣೆ ಮಾತ್ರ ಸಿಕ್ಕಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. 2022ರ ಫೆಬ್ರುವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು.

ಆ ತೀರ್ಪು ತಪ್ಪು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ತಪ್ಪು ತೀರ್ಪನ್ನು ತಿದ್ದಲು ಮೇಲಿನ ಕೋರ್ಟು ಇತ್ತು, ತಿದ್ದಿತು. ಹಾಗಿದ್ದ ಮೇಲೆ ಕೆಟ್ಟ ತೀರ್ಪು ಕೊಟ್ಟವರ ಕುರ್ಚಿಯನ್ನೂ ಕಳೆಯಬೇಕೇ? ಬೇಕು ಎಂದರೆ, ಲಲಿತ್ ಅವರ ಕುರ್ಚಿ ಕಳೆದವರಿಗೂ ಆ ಜಾಮೀನು ಆದೇಶ ಕೆಟ್ಟ ತೀರ್ಪಾಗಿಯೇ ಕಂಡಿತ್ತು. ಅಯೋವಾದ ಮತದಾರರಿಗೂ ಹಾಗೆಯೇ. ನಮಗೆ ಇಷ್ಟವಾದ ಜಡ್ಜಿಗೆ ಒಂದು ನಿಯಮ, ಇಷ್ಟವಾಗದವರಿಗೆ ಇನ್ನೊಂದು ಎಂದು ಮಾಡಲು ಬರುವುದಿಲ್ಲ.

ನಿಲುವಂಗಿ ಕಳಚಿದ ಮೇಲೆ

ಕನ್ನಡ ನಾಡಿನ ಒಬ್ಬ ನ್ಯಾಯಮೂರ್ತಿ ಜನರ ಬಳಿ ನಿಜವಾಗಿ ಮತ ಕೇಳಿದರು. ಕಾರ್ಕಳ ತಾಲೂಕಿನ ಕೌಡೂರಿನ ಕೆ. ಸದಾನಂದ ಹೆಗ್ಡೆ 1952ರಿಂದ ರಾಜ್ಯಸಭೆಯಲ್ಲಿ ಕಾಂಗ್ರೆಸ್ ಸದಸ್ಯರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಆಳುವ ಪಕ್ಷದ ಸಂಸದ ನೇರವಾಗಿ ಪೀಠಕ್ಕೆ! ಇಂದು ಇಂಥ ನೇಮಕವಾದರೆ ಅವರ ಅರ್ಹತೆಯನ್ನೂ ಉದ್ದೇಶವನ್ನೂ ಸಂಜೆಯ ಟಿವಿ ಚರ್ಚೆ ಜಾಲಾಡಿಬಿಡುತ್ತದೆ. ಹೆಗ್ಡೆಯವರು ಮುಂದೆ ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು.

1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಹೆಸರಿನ ಆ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೂಡ ಕೆಡಿಸಲಾಗದು ಎಂದು ಹೇಳಿದ ಬಹುಮತದಲ್ಲಿ ಹೆಗ್ಡೆಯವರಿದ್ದರು. ಮರುದಿನ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಘೋಷಿಸಿತು. ಮೂವರೂ ರಾಜೀನಾಮೆ ಕೊಟ್ಟರು.

ನಾಲ್ಕು ವರ್ಷದ ನಂತರ, 1977ರಲ್ಲಿ, ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿನ ಪಾಲಾದವು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ಅದೇ ಜುಲೈಯಲ್ಲಿ ಅವರು ಲೋಕಸಭೆಯ ಸ್ಪೀಕರ್ ಆದರು.

ಪಕ್ಷದ ಹಿನ್ನೆಲೆಯಿದ್ದವರು ಒಳ್ಳೆಯ ಜಡ್ಜ್ ಆಗಲಾರರು ಎಂಬ ಸುಲಭದ ಮಾತು ಹೆಗ್ಡೆಯವರ ಮುಂದೆ ನಿಲ್ಲುವುದಿಲ್ಲ. ತಮ್ಮನ್ನು ಪೀಠಕ್ಕೆ ತಂದ ಪಕ್ಷದ ಸರ್ಕಾರದ ವಿರುದ್ಧವೇ ಅವರು ಬರೆದರು. ಬರೆಯುವಾಗ ಮುಖ್ಯ ನ್ಯಾಯಮೂರ್ತಿಯ ಹುದ್ದೆ ಕೈಗೆಟಕುವ ದೂರದಲ್ಲಿತ್ತು. ಅವರು ಮತ ಕೇಳಿದ್ದು ಪೀಠ ಬಿಟ್ಟ ಮೇಲೆ, ಬೇರೆ ಹುದ್ದೆಗೆ. ಒಬ್ಬ ನ್ಯಾಯಾಧೀಶರ ಉದ್ದೇಶ ಎಂಥದೆಂದು ನೇಮಕದ ದಿನ ಹೇಳಲಾಗದು. ಅವರಿಗೆ ಕಳೆದುಕೊಳ್ಳಲು ಏನಾದರೂ ಇರುವ ದಿನ ಅದು ಗೊತ್ತಾಗುತ್ತದೆ.

ಹೇಗ್‌ನಲ್ಲೊಂದು ಮರುಸ್ಪರ್ಧೆ

ಬೊಂಬಾಯಿಯ ಪೀಠದಲ್ಲಿ ಕೂತಿದ್ದವರೊಬ್ಬರು ಹಾಲಿ ನ್ಯಾಯಾಧೀಶರಾಗಿಯೇ ಮರುಚುನಾವಣೆಗೆ ನಿಂತದ್ದೂ ಉಂಟು. ಅದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ. ಅಲ್ಲಿನ 15 ನ್ಯಾಯಾಧೀಶರನ್ನು ವಿಶ್ವಸಂಸ್ಥೆಯ ಮಹಾಸಭೆಯೂ ಭದ್ರತಾ ಮಂಡಳಿಯೂ ಒಂಬತ್ತು ವರ್ಷಕ್ಕೆ ಆರಿಸುತ್ತವೆ. ಎರಡೂ ಕಡೆ ಬಹುಮತ ಬೇಕು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಅಲ್ಲಿಗೆ ಹೋಗಿ, ಮರುವರ್ಷವೇ ತೀರಿಕೊಂಡಿದ್ದರು. 2004-05ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ದಲವೀರ್ ಭಂಡಾರಿ 2012ರಲ್ಲಿ ತೆರವಾದ ಸ್ಥಾನಕ್ಕೆ ಆರಿಸಿಬಂದರು. ಆ ಸ್ಥಾನ ತೆರವಾದದ್ದೇ ಅಲ್ಲಿದ್ದ ಜೋರ್ಡಾನಿನ ನ್ಯಾಯಾಧೀಶರು ತಮ್ಮ ದೇಶದ ಪ್ರಧಾನಿಯಾಗಲು ಹೊರಟಿದ್ದರಿಂದ.

2017ರಲ್ಲಿ ಭಂಡಾರಿ ಮತ್ತೆ ನಿಂತರು. ಕೊನೆಯ ಒಂದು ಸ್ಥಾನಕ್ಕೆ ಎದುರಾಳಿ ಬ್ರಿಟನ್ನಿನ ಕ್ರಿಸ್ಟಫರ್ ಗ್ರೀನ್‌ವುಡ್, ಅವರೂ ಹಾಲಿ ನ್ಯಾಯಾಧೀಶರೇ. ಮಹಾಸಭೆ ಭಂಡಾರಿಯವರ ಕಡೆ, ಭದ್ರತಾ ಮಂಡಳಿ ಗ್ರೀನ್‌ವುಡ್ ಕಡೆ. ಸುತ್ತಿನ ಮೇಲೆ ಸುತ್ತು ನಡೆದರೂ ಗಂಟು ಬಿಚ್ಚಲಿಲ್ಲ. ನವೆಂಬರ್ 20ರಂದು ಬ್ರಿಟನ್ ಹಿಂದೆ ಸರಿಯಿತು. ಭಂಡಾರಿಯವರಿಗೆ ಮಹಾಸಭೆಯಲ್ಲಿ 193ರಲ್ಲಿ 183 ಮತ, ಮಂಡಳಿಯಲ್ಲಿ ಎಲ್ಲ 15. ಆ ಕೋರ್ಟು ಶುರುವಾದ 1946ರಿಂದ ಮೊದಲ ಬಾರಿಗೆ ಅಲ್ಲಿ ಬ್ರಿಟಿಷ್ ನ್ಯಾಯಾಧೀಶರು ಇಲ್ಲವಾದರು.

ನಮ್ಮ ಪತ್ರಿಕೆಗಳು ಇದನ್ನು ಭಾರತದ ಗೆಲುವು ಎಂದು ಬರೆದವು. ಅದು ಸಹಜವೇ, ಪ್ರಚಾರ ಮಾಡಿದ್ದು ದೇಶದ ವಿದೇಶಾಂಗ ಇಲಾಖೆ. ಆದರೆ ಆ ಕೋರ್ಟಿನ ಸಂವಿಧಿ ರಾಷ್ಟ್ರೀಯತೆಯನ್ನು ಲೆಕ್ಕಿಸದೆ, ನಡತೆಯನ್ನೂ ಕಾನೂನಿನ ತಿಳಿವನ್ನೂ ನೋಡಿ ಆರಿಸಬೇಕು ಎನ್ನುತ್ತದೆ. ಇಬ್ಬರು ಹಾಲಿ ನ್ಯಾಯಾಧೀಶರ ತೀರ್ಪುಗಳನ್ನು ಓದಿ ಹೋಲಿಸಿ ಮತ ಹಾಕಿದ ದೇಶಗಳು ಎಷ್ಟಿದ್ದಾವು? ಜಗತ್ತಿನ ಅತಿ ದೊಡ್ಡ ಕೋರ್ಟಿನ ಚುನಾವಣೆಯಲ್ಲೂ ಅರ್ಹತೆ ಬಾಗಿಲ ತನಕ ಕರೆತರುತ್ತದೆ, ಒಳಗೆ ಕೂರಿಸುವುದು ಬೇರೆಯೇ ಬಲ.

ಇಷ್ಟೆಲ್ಲ ನೋಡಿದ ಮೇಲೆ ವಿಕ್ರೋಳಿಯ ಮ್ಯಾಜಿಸ್ಟ್ರೇಟರ ಬಗ್ಗೆ ಏನು ಹೇಳೋಣ? ಅವರು ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಬಂದವರು. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇನ್ನು ಮುಂದೆ ಆ ಪರೀಕ್ಷೆ ಬರೆಯಲು ಮೂರು ವರ್ಷದ ವಕೀಲಿ ಅನುಭವವೂ ಬೇಕು. ಅವರ ಅರ್ಹತೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಅವರ ಹೆಸರು ವಿಕ್ರೋಳಿಯ ಬಹುಪಾಲು ಜನರಿಗೆ ಗೊತ್ತಿಲ್ಲ, ಕೆಲ ವರ್ಷಗಳಲ್ಲಿ ಅವರಿಗೆ ವರ್ಗವೂ ಆಗುತ್ತದೆ. ಅವರು ಒಳ್ಳೆಯವರಲ್ಲದಿದ್ದರೆ ನಾವು ಮಾಡಬಹುದಾದದ್ದು ಕಡಿಮೆ. ಈ ಕೊರತೆ ಸಣ್ಣದೆಂದು ನಾನು ಹೇಳುವುದಿಲ್ಲ.

ಆದರೂ ಒಂದು ಬೆಳಿಗ್ಗೆಯನ್ನು ಊಹಿಸಿಕೊಳ್ಳಿ. ಊರಿನ ಪ್ರಬಲ ನಾಯಕನ ದೂರಿನ ಮೇಲೆ ಪೊಲೀಸರು ಹಿಡಿದು ತಂದ, ಇಡೀ ವಾರ್ಡು ದ್ವೇಷಿಸುವ ಒಬ್ಬ ಮನುಷ್ಯ ಕಟಕಟೆಯಲ್ಲಿ ನಿಂತಿದ್ದಾನೆ. ಸಾಕ್ಷ್ಯ ಪೊಳ್ಳು. ಜಾಮೀನು ಕೊಡಬೇಕಾದವರ ಮನಸ್ಸಿನಲ್ಲಿ ಆ ಹೊತ್ತು ಮುಂದಿನ ತಿಂಗಳ ಮತದಾನ ಇರಬಾರದು. ಮಂತ್ರಿಯ ಸುತ್ತೋಲೆ ಇರಬಾರದು. ಮೇಲಿನವರ ಮುನಿಸೂ ಇರಬಾರದು. ಮೊದಲನೆಯದನ್ನು ನಮ್ಮ ಹಿರಿಯರು ಸಂವಿಧಾನ ಬರೆಯುವಾಗಲೇ ತಪ್ಪಿಸಿದರು. ಉಳಿದ ಎರಡನ್ನು ತಪ್ಪಿಸುವ ಕೆಲಸ ಇನ್ನೂ ಬಾಕಿ ಇದೆ. ಒಬ್ಬ ನ್ಯಾಯಾಧೀಶರನ್ನು ಖಾಯಂ ಮಾಡಿದರೆ ಏಕೆ, ಕೈಬಿಟ್ಟರೆ ಏಕೆ, ದೂರದೂರಿಗೆ ಕಳಿಸಿದರೆ ಏಕೆ ಎಂಬ ಕಾರಣವನ್ನು ಬರೆದು ಹೊರಗಿಡುವುದರಿಂದ ಅದನ್ನು ಶುರುಮಾಡಬಹುದು. ಕಟಕಟೆಯಲ್ಲಿ ನಿಂತವನಿಗೆ ಆ ಕಾಗದ ಓದಲು ಪುರುಸೊತ್ತು ಇರಲಿಕ್ಕಿಲ್ಲ. ಆದರೆ ಅವನ ಜಾಮೀನು ಅದರ ಮೇಲೆ ನಿಂತಿರುತ್ತದೆ.